ಕಾಂಟ್ಯಾಕ್ಟ್ ಸಿಂಕ್ ಬರೆಯುವ ಮುನ್ನ

ಹೊಸ ಬಳಕೆದಾರರ ಫೋನ್‌ಬುಕ್ ತರಿಸಿಕೊಂಡು ‘ನಿಮ್ಮ ಪರಿಚಯದವರು ಇಲ್ಲಿದ್ದಾರೆ’ ಎಂದು ತೋರಿಸುವ ಕೋಡ್ ಬರೆಯುವುದು ಸುಲಭ. ಅದನ್ನು ಕಳ್ಳರು ಬಳಸದಂತೆ ಬರೆಯುವುದು ಕಷ್ಟ. 2019ರ ಸೆಪ್ಟೆಂಬರ್‌ಗೆ ಮುಂಚೆ ಫೇಸ್‌ಬುಕ್‌ನಿಂದ ಸೋರಿ, 2021ರ ಏಪ್ರಿಲ್‌ನಲ್ಲಿ ಬಯಲಿಗೆ ಬಂದ 53 ಕೋಟಿಗೂ ಹೆಚ್ಚು ಜನರ ವಿವರ ಹೋದದ್ದು ಇದೇ ದಾರಿಯಲ್ಲಿ. ಯಾರೂ ಸರ್ವರ್ ಒಡೆದು ನುಗ್ಗಿರಲಿಲ್ಲ. ಸಾಲಾಗಿ ನಂಬರ್ ಹುಟ್ಟಿಸಿ ಅದನ್ನೇ ಫೋನ್‌ಬುಕ್ ಎಂದು ಕಳಿಸಿದರು, ಯಾವುದು ಯಾರದೆಂದು ಸರ್ವರೇ ಹೇಳಿಬಿಟ್ಟಿತು. ಐರ್ಲೆಂಡಿನ ದತ್ತಾಂಶ ರಕ್ಷಣಾ ಆಯೋಗ 2022ರಲ್ಲಿ 26.5 ಕೋಟಿ ಯೂರೊ ದಂಡ ಹಾಕಿದ್ದು ವಿನ್ಯಾಸದಲ್ಲೇ ರಕ್ಷಣೆ ಇರಲಿಲ್ಲವೆಂದು.

‘ನಂಬರನ್ನು ಹ್ಯಾಶ್ ಮಾಡಿ, ಅಂದರೆ ಹಿಂದಕ್ಕೆ ತಿರುಗಿಸಲಾಗದ ಸಂಕೇತವಾಗಿಸಿ ಕಳಿಸುತ್ತೇವಲ್ಲ’ ಎಂಬ ಸಮಾಧಾನ ಬೇಡ. ನಮ್ಮ ಮೊಬೈಲ್ ನಂಬರ್ 6, 7, 8 ಇಲ್ಲವೇ 9ರಿಂದ ಶುರುವಾಗುವ ಹತ್ತು ಅಂಕಿ. ಒಟ್ಟು 400 ಕೋಟಿ ಸಾಧ್ಯತೆ. ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಒಂದಿದ್ದರೆ ಇಷ್ಟಕ್ಕೂ ಎಸ್‌ಎಚ್‌ಎ-256 ಎಂಬ ಹ್ಯಾಶ್ ಲೆಕ್ಕ ಹಾಕಲು ಒಂದು ನಿಮಿಷ ಹಿಡಿಯುವುದಿಲ್ಲ. ಆ ಪಟ್ಟಿಗೆ ಹೋಲಿಸಿದರೆ ಯಾವ ಹ್ಯಾಶ್ ಯಾವ ನಂಬರಿನದೆಂದು ತಿಳಿಯುತ್ತದೆ.

ಒಂದು ಐಪಿಯಿಂದ (ಇಂಟರ್ನೆಟ್ ವಿಳಾಸದಿಂದ) ಇಷ್ಟೇ ಕೋರಿಕೆ ಎಂದು ಮಿತಿ ಹಾಕುವುದೂ ಸಾಲದು. ಮೊಬೈಲ್ ಜಾಲದಲ್ಲಿ ಸಾವಿರಾರು ಜನ ಒಂದೇ ಐಪಿಯಲ್ಲಿ ಬರುತ್ತಾರೆ, ಕಳ್ಳನಿಗೋ ಸಾವಿರ ಐಪಿ ಬಾಡಿಗೆಗೆ ಸಿಗುತ್ತವೆ. ಮಿತಿ ಖಾತೆಯ ಮೇಲಿರಲಿ, ಅದೂ ದಿನಕ್ಕೆ ಸೇರುವ ಹೊಸ ನಂಬರುಗಳ ಲೆಕ್ಕದಲ್ಲಿ. ನಿಜವಾದ ಫೋನ್‌ಬುಕ್ ಮೊದಲ ದಿನ ಕೆಲವು ನೂರು ನಂಬರ್ ತರುತ್ತದೆ, ಆಮೇಲೆ ವಾರಕ್ಕೆ ಒಂದೆರಡು. ದಿನವೂ ಐನೂರು ಹೊಸಬರನ್ನು ಸೇರಿಸುವ ಖಾತೆ ಮನುಷ್ಯರದ್ದಲ್ಲ.

ಎಲ್ಲಕ್ಕಿಂತ ಗಟ್ಟಿ ಉಪಾಯ ಎರಡೂ ಕಡೆಯ ಹೊಂದಿಕೆ: ನನ್ನ ನಂಬರ್ ನಿಮ್ಮಲ್ಲೂ ನಿಮ್ಮದು ನನ್ನಲ್ಲೂ ಇದ್ದರೆ ಮಾತ್ರ ತೋರಿಸುವುದು. ಕಳ್ಳನ ಖಾಲಿ ಸಿಮ್ ಯಾರ ಫೋನ್‌ಬುಕ್‌ನಲ್ಲೂ ಇರುವುದಿಲ್ಲ. ಸಲಹೆಗಳು ಕಡಿಮೆಯಾಗಿ ಬಳಕೆದಾರರನ್ನು ಹೆಚ್ಚಿಸುವ ಗ್ರೋತ್ ತಂಡ ಗೊಣಗುತ್ತದೆ, ನಿಜ. ಆ ನಷ್ಟ ಹೊರಲೇಬೇಕು.

ಇನ್ನೊಂದು ಮಾತು. ಯಾವುದೇ ಫೋನ್‌ಬುಕ್ ತೆರೆಯಿರಿ: ‘ಶುಗರ್ ಡಾಕ್ಟರ್ ಜಯನಗರ’, ‘ಚೀಟಿ ಅಕ್ಕ’, ‘ಅಮ್ಮ ಹೊಸ ನಂಬರ್’. ಹೆಸರಿನಲ್ಲೇ ಕಾಯಿಲೆಯೂ ಸಾಲವೂ ಇದೆ. ಹೊಂದಿಸಲು ನಂಬರ್ ಸಾಕು, ಹೆಸರು ಫೋನ್ ಬಿಟ್ಟು ಹೊರಗೆ ಬರಬಾರದು. ಚೀಟಿ ಅಕ್ಕ ನಮ್ಮ ಆ್ಯಪ್ ಹಾಕಿಕೊಂಡೇ ಇಲ್ಲ, ಅವರ ಒಪ್ಪಿಗೆಯನ್ನು ಯಾರೂ ಕೇಳಿಯೂ ಇಲ್ಲ. ಹೊಂದಿಕೆಯಾಗದ ನಂಬರ್‌ಗಳನ್ನು ಅಲ್ಪ ಕಾಲ ಮಾತ್ರ ಇಟ್ಟುಕೊಂಡು ಅಳಿಸಿ.

ಬಿಡುಗಡೆಗೆ ಮುನ್ನ ಹತ್ತು ಪರೀಕ್ಷಾ ನಂಬರ್ ಕಳಿಸಿ, ಅನುಮತಿ ಹಿಂತೆಗೆದುಕೊಂಡು, ಅವನ್ನೇ ಸರ್ವರ್ ತಾನೇ ಬರೆದಿಡುವ ಲಾಗ್‌ನಲ್ಲಿ, ಅನಾಲಿಟಿಕ್ಸ್ ಟೇಬಲ್‌ನಲ್ಲಿ, ಬ್ಯಾಕಪ್‌ನಲ್ಲಿ ಹುಡುಕಿ. ಹೆಚ್ಚಾಗಿ ಸಿಕ್ಕಿಬೀಳುವುದು ಲಾಗ್‌ನಲ್ಲಿ.