ಬಿಸಿ ಜಾಕೆಟ್ಟಿಗೆ ಎಷ್ಟು ವ್ಯಾಟ್ ಉಳಿದಿದೆ?

ಕರೆಂಟಿನಿಂದ ಬಿಸಿಯಾಗುವ ಜಾಕೆಟ್ ತಗೊಂಡಿದ್ದೇನೆ ಅಂದಾಗ ಚಿಂಚವಾಡದ ನಮ್ಮ ಸೊಸೈಟಿಯಲ್ಲಿ ನಗದವರಿಲ್ಲ. ಪುಣೆಯ ಚಳಿಗೆ ಸ್ವೆಟರ್ ಸಾಕು, ಒಪ್ಪುತ್ತೇನೆ. ನಾನು ತಗೊಂಡಿದ್ದು ಹಿಮಾಚಲದ ಸ್ಪಿತಿಗೆ ಬೈಕಿನಲ್ಲಿ ಹೋಗಲಿಕ್ಕೆ. ಅಕ್ಟೋಬರ್ ಕೊನೆಗೆ ಅಲ್ಲಿನ ಕಾಜಾ ಊರಿನ ಬೆಳಗು ಸೊನ್ನೆಗಿಂತ ಕೆಳಗೆ ಇಳಿಯುತ್ತದೆ. ಅಷ್ಟು ಚಳಿಯಲ್ಲಿ ಬೆರಳು ಮರಗಟ್ಟಿದರೆ ಕ್ಲಚ್ ಹಿಡಿಯುವುದು ಹೇಗೆ?

ಅಂಗಡಿಗೆ ಹೋಗುವ ಮೊದಲು ಪೆನ್ನು ಹಾಳೆ ಹಿಡಿದು ಕೂತೆ. ನನ್ನದು ಹಳೆಯ 411 ಸಿಸಿ ಹಿಮಾಲಯನ್. ಕರೆಂಟ್ ತಯಾರಿಸುವ ಆಲ್ಟರ್ನೇಟರ್ ಕೊಡುವುದು ಸುಮಾರು 220 ವ್ಯಾಟ್, ಅದೂ ಎಂಜಿನ್ ಚೆನ್ನಾಗಿ ತಿರುಗುತ್ತಿದ್ದಾಗ. ಹೆಡ್‌ಲೈಟಿಗೇ 55 ಹೋಯಿತು. 2017ರಿಂದ ಹೊಸ ಬೈಕುಗಳಲ್ಲಿ ಅದನ್ನು ಆರಿಸುವ ಸ್ವಿಚ್ಚೇ ಇಲ್ಲ, ಉಳಿಸೋಣ ಅಂದರೂ ಆಗದು. ಫ್ಯೂಯಲ್ ಪಂಪ್, ಇಂಜೆಕ್ಷನ್, ಸ್ಪಾರ್ಕ್, ಟೇಲ್ ಲ್ಯಾಂಪ್, ಬ್ಯಾಟರಿ ಚಾರ್ಜಿಂಗ್ ಎಲ್ಲ ಕಳೆದರೆ ನನ್ನ ಅಂದಾಜಿಗೆ 80-90 ವ್ಯಾಟ್ ಉಳಿಯುತ್ತದೆ. ಜಾಕೆಟ್ ಫುಲ್ ಇಟ್ಟರೆ ಒಂದೇ 90ರ ಹತ್ತಿರ ಎಳೆಯುತ್ತದೆ. ಜೊತೆಗೆ ತಗೊಳ್ಳುವ ಬಿಸಿ ಗ್ಲೌಸ್ ಜೋಡಿಗೆ 25-30. ಎರಡೂ ಫುಲ್ ಇಟ್ಟರೆ ಸಂಬಳಕ್ಕಿಂತ ಖರ್ಚು ಜಾಸ್ತಿ ಆದಂತೆ, ಕೊರತೆ ತುಂಬುವುದು ಬ್ಯಾಟರಿ. ಅದೋ ಬರೀ 8 ಎಎಚ್ (ಆಂಪಿಯರ್-ಅವರ್), ಚಿಕ್ಕದು. ಟ್ರಾಫಿಕ್ಕಿನಲ್ಲಿ ಎಂಜಿನ್ ಸುಮ್ನೆ ಗುರುಗುಟ್ಟುತ್ತ ನಿಂತರೆ ಆಲ್ಟರ್ನೇಟರ್ ಇನ್ನೂ ಕಡಿಮೆ ಕೊಡುತ್ತದೆ.

ಹಾಗಾಗಿ ಬಿಸಿ ಹೆಚ್ಚು ಕಡಿಮೆ ಮಾಡುವ ಕಂಟ್ರೋಲರ್ ಇಲ್ಲದ ಜಾಕೆಟ್ ಬೇಡವೇ ಬೇಡ. ಕಂಟ್ರೋಲರ್ ಕರೆಂಟನ್ನು ಬೇಗ ಬೇಗ ಆನ್-ಆಫ್ ಮಾಡುತ್ತದೆ. ಅರ್ಧಕ್ಕೆ ತಿರುಗಿಸಿದರೆ ವ್ಯಾಟೂ ಅರ್ಧ.

ವೈರು, ರಿಲೇ (ಚೂರು ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಸ್ವಿಚ್ಚು), ಫ್ಯೂಸ್ ಹೋಲ್ಡರ್ ಪುಣೆಯ ಬುಧವಾರ ಪೇಠೆಯ ತಪಕೀರ್ ಗಲ್ಲಿಯಲ್ಲಿ ಸಿಕ್ಕವು. ಕೆಲಸಕ್ಕೆ ಕೂತದ್ದು ನಮ್ಮ ಏರಿಯಾದ ಮೆಕ್ಯಾನಿಕ್ ಹುಡುಗ. ಇಂಡಿ ಕಡೆಯವನು, ನಾನು ಧಾರವಾಡದವಳು ಅಂತ ಗೊತ್ತಾದ ಮೇಲೆ ಮರಾಠಿ ಬಿಟ್ಟು ಕನ್ನಡಕ್ಕೆ ಬಂದ. “ಅಕ್ಕಾರ, ಇಷ್ಟೆಲ್ಲಾ ಯಾಕ್ರಿ? ಹೆಡ್‌ಲೈಟ್ ವೈರಿಗೇ ಜೋಡಿಸಿ ಟೇಪ್ ಸುತ್ತತೀನಿ, ಐದ್ ಮಿನಿಟಿನ ಕೆಲಸ,” ಅಂದ.

“ಬ್ಯಾಡಪ್ಪಾ ತಮ್ಮಾ,” ಅಂದೆ.

ಜಾಕೆಟ್ ಒಂದೇ 7 ಆಂಪಿಯರ್ ಎಳೆಯುತ್ತದೆ. ಹೆಡ್‌ಲೈಟಿನ ವೈರು ಹೆಡ್‌ಲೈಟಿಗಷ್ಟೇ ಲೆಕ್ಕ ಹಾಕಿ ಕೊಟ್ಟದ್ದು. ಅದರ ಮೇಲೆ ಇದನ್ನೂ ಹೇರಿದರೆ ವೈರು ಬಿಸಿಯಾಗುತ್ತದೆ, ಫ್ಯೂಸ್ ಹೋದರೆ ರಾತ್ರಿ ಘಾಟಿನಲ್ಲಿ ಬೆಳಕೂ ಇಲ್ಲ. ಬ್ಯಾಟರಿಯಿಂದಲೇ ಬೇರೆ ಲೈನ್ ಎಳೆಸಿದೆ, 1.5 ಸ್ಕ್ವೇರ್ ಎಂಎಂ ವೈರು. ಪಾಸಿಟಿವ್ ಟರ್ಮಿನಲ್ಲಿನ ಪಕ್ಕದಲ್ಲೇ 15 ಆಂಪಿಯರ್ ಫ್ಯೂಸ್. ಅದನ್ನು ಸೀಟಿನ ಕೆಳಗೆ ಕೈಗೆ ಸಿಗುವ ಕಡೆ ಹಾಕೋಣ ಅಂತ ಹುಡುಗ ಹೇಳಿದ. ಆದರೆ ಫ್ಯೂಸ್ ಇರುವುದು ವೈರನ್ನು ಉಳಿಸಲಿಕ್ಕೆ, ಜಾಕೆಟ್ ಉಳಿಸಲಿಕ್ಕಲ್ಲ. ಬ್ಯಾಟರಿಗೂ ಫ್ಯೂಸಿಗೂ ನಡುವಿನ ವೈರು ಫ್ರೇಮಿಗೆ ಉಜ್ಜಿ ಶಾರ್ಟ್ ಆದರೆ ತಡೆಯುವವರು ಯಾರೂ ಇಲ್ಲ. ಆ ತುಂಡು ಎಷ್ಟು ಗಿಡ್ಡ ಇದ್ದರೆ ಅಷ್ಟು ಒಳ್ಳೆಯದು.

ಫ್ಯೂಸಿನ ಆಚೆ ರಿಲೇ. ಅದರ ಪಿನ್ನುಗಳಿಗೆ ನಂಬರ್ ಇರುತ್ತದೆ: ಬ್ಯಾಟರಿ 30ಕ್ಕೆ, ಜಾಕೆಟ್ 87ಕ್ಕೆ, 85 ಅರ್ತಿಂಗಿಗೆ. ಕೀ ತಿರುಗಿಸಿದಾಗ ಮಾತ್ರ ಕರೆಂಟ್ ಬರುವ ಒಂದು ವೈರು 86ಕ್ಕೆ. ರಿಲೇ ಎಳೆಯಲು ಚೂರೇ ಕರೆಂಟ್ ಸಾಕು, ಆ ವೈರಿಗೆ ಭಾರವಾಗದು. ಕೀ ತೆಗೆದರೆ ಜಾಕೆಟ್ ತಾನೇ ಆಫ್. ಚಹಾಕ್ಕೆ ಅಂತ ಇಳಿದು ಬ್ಯಾಟರಿ ಖಾಲಿ ಮಾಡಿಕೊಳ್ಳುವ ಭಯ ಇಲ್ಲ. ಜೋಡಣೆಗೆಲ್ಲ ಕ್ರಿಂಪ್ ಮಾಡಿಸಿ (ಲೋಹದ ತುದಿಯಲ್ಲಿ ವೈರನ್ನು ಒತ್ತಿಸಿ) ಮೇಲೆ ಹೀಟ್ ಶ್ರಿಂಕ್, ಅಂದರೆ ಬಿಸಿ ಮಾಡಿದರೆ ಕುಗ್ಗಿ ಬಿಗಿಯುವ ಕೊಳವೆ ಹಾಕಿಸಿದೆ. ಇಲ್ಲಿಯ ಮಳೆಗೆ ಬರೀ ಟೇಪ್ ನಿಲ್ಲುವುದಿಲ್ಲ, ಅಲ್ವಾ?

ಜಾಕೆಟ್ಟನ್ನು ಬೈಕಿಗೆ ಸಿಕ್ಕಿಸುವ ಪ್ಲಗ್ಗಿನ ವಿಷಯಕ್ಕೆ ಹುಡುಗನ ಜೊತೆ ಇನ್ನೊಂದು ಸುತ್ತು ವಾದ. ಬೈಕಿನ ಕಡೆ ಉಳಿಯುವ ತುದಿಯಲ್ಲಿ ಪಾಸಿಟಿವ್ ಮುಚ್ಚಿಕೊಂಡಿರಬೇಕು, ಇಲ್ಲದಿದ್ದರೆ ಜೋತಾಡುವಾಗ ಲೋಹಕ್ಕೆ ತಾಗಿ ಕಿಡಿ. ಲಾಕ್ ಇರುವ ಪ್ಲಗ್ಗೂ ಬೇಡ. ಮರೆತು ಇಳಿದರೆ ಅದು ತಾನೇ ಕಳಚಿಕೊಳ್ಳಬೇಕು. ಬೈಕ್ ಬಿದ್ದಾಗಂತೂ ವೈರಿನಲ್ಲಿ ಸಿಕ್ಕಿಕೊಂಡು ಕೂರಲಿಕ್ಕಾಗದು.

ಹ್ಯಾಂಡಲ್ಲಿಗೆ ಬಿಸಿ ಗ್ರಿಪ್ ಹಾಕಿಸು ಅಂತ ಗೆಳತಿಯರು ಹೇಳಿದರು. ಗ್ರಿಪ್ ಅಂಗೈ ಕಾಯಿಸುತ್ತದೆ, ಗಾಳಿ ಹೊಡೆಯುವುದು ಬೆರಳ ಮೇಲ್ಭಾಗಕ್ಕೆ. ಗ್ಲೌಸಿನ ತಂತಿ ಇರುವುದು ಅಲ್ಲಿ. ನನ್ನ ಓಟು ಗ್ಲೌಸಿಗೇ.

ಜಾಕೆಟ್ ತೆಳ್ಳಗಿನ ಪೂರ್ತಿ ತೋಳಿನ ಬನಿಯನ್ ಮೇಲೆ, ರೈಡಿಂಗ್ ಜಾಕೆಟ್ಟಿನ ಒಳಗೆ. ಬರಿ ಮೈಗೆ ಬೇಡ, ಬೊಬ್ಬೆ ಬರುತ್ತದೆ.

ಹ್ಯಾಂಡಲ್ಲಿನ ಮೇಲೆ ಚಿಕ್ಕ ವೋಲ್ಟ್ ಮೀಟರ್ ಕೂರಿಸಿದ್ದೇನೆ. ಓಡುವಾಗ ಜಾಕೆಟ್, ಗ್ಲೌಸ್ ಏನೂ ಹಚ್ಚದಿದ್ದರೆ 14 ವೋಲ್ಟಿನ ಆಸುಪಾಸು. ಗ್ಲೌಸ್ ಫುಲ್, ಜಾಕೆಟ್ ಅರ್ಧ ಇಟ್ಟರೆ ಸ್ವಲ್ಪ ಇಳಿಯುತ್ತದೆ, ಆದರೂ 13ರ ಮೇಲೇ ನಿಲ್ಲುತ್ತದೆ. ಸಿಗ್ನಲ್ಲಿನಲ್ಲಿ 13ರ ಕೆಳಗೆ ಬಂದರೆ ಬ್ಯಾಟರಿ ಕರಗುತ್ತಿದೆ ಅಂತ ಲೆಕ್ಕ; ಮೊದಲು ಜಾಕೆಟ್ ಆಫ್ ಮಾಡುತ್ತೇನೆ, ಗ್ಲೌಸ್ ಮುಟ್ಟುವುದಿಲ್ಲ.