40 ಮೀಟರ್ ದೂರದ ನೀರು

ಆ ಪುಸ್ತಕ ಬ್ಯಾಗಿನಲ್ಲಿದ್ದರೆ ಒಂದು ಹೆಗಲು ಇಳಿದೇ ಇರುತ್ತದೆ. 600ಕ್ಕೂ ಜಾಸ್ತಿ ಪುಟ. ಆಂಡ್ರ್ಯೂ ಗೆಲ್ಮನ್ ಮತ್ತು ಜೆನಿಫರ್ ಹಿಲ್ ಬರೆದದ್ದು, 2007ರದು. ರಿಗ್ರೆಷನ್ (ಒಂದು ಬದಲಾದರೆ ಇನ್ನೊಂದು ಎಷ್ಟು ಬದಲಾಗುತ್ತದೆ ಅನ್ನುವ ಲೆಕ್ಕ) ಮತ್ತು ಮಲ್ಟಿಲೆವೆಲ್ ಮಾಡೆಲ್‌ಗಳ (ಗುಂಪು ಗುಂಪಾಗಿರುವ ಅಂಕಿಗಳಿಗೆ ಹಾಕುವ ಅದೇ ಲೆಕ್ಕ) ಬಗ್ಗೆ, ಸಮಾಜ ವಿಜ್ಞಾನದಲ್ಲಿ ಸಂಶೋಧನೆ ಮಾಡುವವರಿಗಾಗಿ ಬರೆದ ಪಠ್ಯ. ನಾನು ಸಮಾಜಶಾಸ್ತ್ರದಲ್ಲಿ ಎಂ.ಎ. ಮಾಡಿದವನು. ಗಣಿತಕ್ಕೂ ನನಗೂ ಎಸ್ಸೆಸ್ಸೆಲ್ಸಿಗೇ ಮಾತು ಬಿಟ್ಟಿತ್ತು. ನನ್ನ ಸಂಶೋಧನೆಯ ಗೈಡ್ ಈ ಪುಸ್ತಕವನ್ನು ಕೈಗಿಟ್ಟು, "ಎಲ್ಲಾ ಓದಬೇಕಂತಿಲ್ಲ. ಐದನೇ ಅಧ್ಯಾಯ, ಆಮೇಲೆ ಹನ್ನೆರಡನೇದು. ಮೊದಲು ಅಷ್ಟು ಅರ್ಥ ಮಾಡ್ಕೋ" ಅಂದಿದ್ದರು. ಅಷ್ಟಕ್ಕೇ ನಾಲ್ಕು ತಿಂಗಳಾಯಿತು.

ಐದನೇ ಅಧ್ಯಾಯದಲ್ಲಿ ಬಾಂಗ್ಲಾದೇಶದ ಬಾವಿಗಳ ಕಥೆ ಬರುತ್ತದೆ. ನನಗೆ ಪುಸ್ತಕ ಹಿಡಿಸಿದ್ದೇ ಅಲ್ಲಿಂದ. ಅರೈಹಾಜಾರ್ ಅನ್ನುವ ಕಡೆ ಕೊಳವೆ ಬಾವಿಗಳ ನೀರಿನಲ್ಲಿ ಆರ್ಸೆನಿಕ್. ಸಂಶೋಧಕರು ಬಾವಿ ಬಾವಿಯ ನೀರು ಪರೀಕ್ಷೆ ಮಾಡಿ, ಇದು ಕುಡಿಯಬಹುದು, ಇದು ಬೇಡ ಅಂತ ಗುರುತು ಹಾಕಿದರು. ಕೆಲವು ವರ್ಷ ಬಿಟ್ಟು ಮತ್ತೆ ಹೋಗಿ, ಕೆಟ್ಟ ಬಾವಿ ಇದ್ದವರಲ್ಲಿ ಯಾರು ಯಾರು ಬೇರೆ ಬಾವಿಗೆ ಹೋದರು ಅಂತ ಕೇಳಿದರು. ಒಟ್ಟು 3,020 ಮನೆ. ಅದರಲ್ಲಿ ಬದಲಾಯಿಸಿದವರು ನೂರಕ್ಕೆ 57ರಷ್ಟು. ಒಳ್ಳೇ ಬಾವಿ ದೂರ ಆದಷ್ಟೂ ಹೋಗುವವರು ಕಮ್ಮಿ. ಎಷ್ಟು ಕಮ್ಮಿ? ಅದಕ್ಕೆ ಪುಸ್ತಕದಲ್ಲಿ ಒಂದು ಸುಲಭದ ಲೆಕ್ಕ ಇದೆ. ಹೌದು-ಇಲ್ಲ ಅನ್ನುವ ಉತ್ತರದ ಸಾಧ್ಯತೆ ಲೆಕ್ಕ ಹಾಕುವ ಲಾಜಿಸ್ಟಿಕ್ ಮಾಡೆಲ್ ದೂರಕ್ಕೆ ಕೊಟ್ಟ ಗುಣಾಂಕವನ್ನು 4ರಿಂದ ಭಾಗಿಸಿಬಿಡು. 100 ಮೀಟರಿಗೆ ಗುಣಾಂಕ ಮೈನಸ್ 0.62. ಅಂದರೆ ಪ್ರತಿ 100 ಮೀಟರಿಗೆ ಹೆಚ್ಚೆಂದರೆ ನೂರರಲ್ಲಿ 15ರಷ್ಟು ಇಳಿತ. ಕೊಪ್ಪಳದ ಬಸ್‌ಸ್ಟ್ಯಾಂಡಿನಲ್ಲಿ ಕೂತು ಇದನ್ನು ಮೊದಲ ಸಲ ಕೈಯಾರೆ ಮಾಡಿದಾಗ ಆದ ಖುಷಿ ಈಗಲೂ ನೆನಪಿದೆ. ಬಸ್ಸು ತಪ್ಪಿದ್ದೂ ನೆನಪಿದೆ.

ನಮ್ಮ ಕಡೆ ಇದೇ ಕಥೆ, ವಿಷ ಮಾತ್ರ ಬೇರೆ. ಕೊಪ್ಪಳ ಜಿಲ್ಲೆಯ ಎಷ್ಟೋ ಊರುಗಳಲ್ಲಿ ಬೋರಿನ ನೀರಲ್ಲಿ ಫ್ಲೋರೈಡ್. ಗ್ರಾನೈಟ್ ಬಂಡೆಯೊಳಗಿಂದ ಬರುವ ನೀರು. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಅನ್ನುತ್ತಾರೆ. ದಾಟಿದ್ದನ್ನೇ ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲಿನ ಮೇಲೆ ಕಂದು ಪಟ್ಟೆ, ದೊಡ್ಡವರಿಗೆ ಕೀಲು ಬಿಗಿತ. ಕುದಿಸಿದರೂ ಹೋಗುವುದಿಲ್ಲ. ಅದಕ್ಕೇ ಊರೂರಿಗೆ ಶುದ್ಧ ಕುಡಿಯುವ ನೀರಿನ ಘಟಕ ಬಂದವು. ಜನ ಅದನ್ನು ಫಿಲ್ಟರ್ ನೀರು ಅನ್ನುತ್ತಾರೆ. ಕಾಯಿನ್ ಹಾಕಿದರೆ ಕೊಡ ತುಂಬುತ್ತದೆ. ಆದರೂ ಯಾಕೆ ಕೆಲವರು ತರುತ್ತಾರೆ, ಕೆಲವರು ಬೋರಿನ ನೀರನ್ನೇ ಕುಡಿಯುತ್ತಾರೆ? ಬಾಂಗ್ಲಾದ ಲೆಕ್ಕವನ್ನೇ ಇಲ್ಲಿ ಹಾಕಿ ನೋಡೋಣ ಅನ್ನಿಸಿತು. ಕುಷ್ಟಗಿ ತಾಲ್ಲೂಕಿನಲ್ಲಿ ನಮ್ಮ ದೊಡ್ಡವ್ವನ ಊರಿದೆ. ಊಟಕ್ಕೆ, ಮಲಗೋಕೆ ಚಿಂತೆ ಇಲ್ಲ. ಗೌಂಡಿ ಕೆಲಸ ಮಾಡುವ ಗೆಳೆಯನಿಂದ 30 ಮೀಟರ್ ಟೇಪು ಇಸ್ಕೊಂಡು ಹೊರಟೆ.

ಎರಡು ದಿನ ಮನೆ ಮನೆ ತಿರುಗಿದೆ. ಏಳು ಓಣಿ. ಪ್ರತಿ ಮನೆಯಿಂದ ಘಟಕಕ್ಕೆ ಎಷ್ಟು ದೂರ, ಎಷ್ಟು ಜನ, ಯಾರು ಎಷ್ಟು ಓದಿದ್ದಾರೆ, ಯಾವ ನೀರು ಕುಡಿಯುತ್ತಾರೆ, ಎಲ್ಲಾ ಬರೆದುಕೊಂಡೆ. ದೂರ ಇದ್ದವರು ತರೋದು ಕಮ್ಮಿ, ಹತ್ತಿರದವರು ಜಾಸ್ತಿ. ಪುಸ್ತಕದಲ್ಲಿ ಇದ್ದ ಹಾಗೇ. ನನಗೋ ಹಿಗ್ಗು.

ಒಂದು ಓಣಿ ಮಾತ್ರ ಹಿಡಿತಕ್ಕೆ ಬರಲಿಲ್ಲ. ಗುಡಿಯ ಕಟ್ಟೆಯ ಹಿಂದೆ ಐದು ಮನೆ. ಕಟ್ಟೆ ದಾಟಿದರೆ ಘಟಕ. ಅಳೆದರೆ 40 ಮೀಟರ್. ಊರಲ್ಲೇ ಅತಿ ಹತ್ತಿರದ ಓಣಿ. ಐದಕ್ಕೆ ಐದೂ ಮನೆಯಲ್ಲಿ ಬೋರಿನ ನೀರು! ಯಾಕೆ ಅಂದರೆ "ಸುಮ್ನೆ, ರೂಢಿ ಆಗೇತ್ರಿ" ಅಂದರು. ಉತ್ತರ ಕೊಟ್ಟವರೆಲ್ಲ ಹಿರೀಕರು, ಗಂಡಸರು. ಅದು ನನಗೆ ಆಗ ಹೊಳೆಯಲಿಲ್ಲ.

ರಾತ್ರಿ ದೊಡ್ಡವ್ವನ ಪಡಸಾಲೆಯಲ್ಲಿ ಹನ್ನೆರಡನೇ ಅಧ್ಯಾಯ ತೆಗೆದೆ. ಅಲ್ಲಿ ಅಮೆರಿಕದ ಮಿನಸೋಟ ರಾಜ್ಯ ಬರುತ್ತದೆ. 85 ಕೌಂಟಿ (ನಮ್ಮ ಜಿಲ್ಲೆಗಳ ಹಾಗೆ), 919 ಮನೆ, ನೆಲದಿಂದ ಮನೆಯೊಳಗೆ ಬರುವ ರೇಡಾನ್ ಅನ್ನುವ ವಿಕಿರಣ ಅನಿಲದ ಅಳತೆ. ಎಲ್ಲಕ್ಕಿಂತ ಜಾಸ್ತಿ ಸರಾಸರಿ ಬಂದದ್ದು ಲಾಕ್ ಕಿ ಪಾರ್ಲ್ ಅನ್ನುವ ಕೌಂಟಿಯಲ್ಲಿ. ಆದರೆ ಅಲ್ಲಿ ಅಳೆದದ್ದೇ ಎರಡು ಮನೆ. ಎರಡು ಮನೆ ನೋಡಿ ಇಡೀ ಕೌಂಟಿ ಕೆಟ್ಟದ್ದು ಅನ್ನಬಹುದಾ? ಅನ್ನ ಬೆಂದಿದೆಯೋ ಇಲ್ಲವೋ ನೋಡೋಕೆ ಒಂದಗುಳು ಸಾಕು ಅನ್ನುತ್ತೇವಲ್ಲ, ಈ ಪುಸ್ತಕ ಸಾಲದು ಅನ್ನುತ್ತದೆ. ಮಲ್ಟಿಲೆವೆಲ್ ಮಾಡೆಲ್ ಚಿಕ್ಕ ಗುಂಪಿನ ಮಾತು ಕೇಳುತ್ತದೆ, ಪೂರ್ತಿ ನಂಬುವುದಿಲ್ಲ. ಅದರ ಸಂಖ್ಯೆಯನ್ನು ಎಲ್ಲರ ಸರಾಸರಿ ಕಡೆಗೆ ಎಳೆಯುತ್ತದೆ. ಮನೆ ಕಮ್ಮಿ ಇದ್ದಷ್ಟೂ ಎಳೆತ ಜಾಸ್ತಿ.

ನನಗೆ ನಿರಾಳವಾಯಿತು. ಐದೇ ಮನೆ ಅಲ್ವಾ? ಮಾಡೆಲ್ ಎಳೆದುಕೊಳ್ಳುತ್ತದೆ ಬಿಡು ಅಂದುಕೊಂಡೆ.

ಊಟಕ್ಕೆ ರೊಟ್ಟಿ, ಪುಂಡಿಪಲ್ಯ. ತಿನ್ನುತ್ತಾ ಆ ಓಣಿಯ ವಿಷಯ ಹೇಳಿದೆ. ದೊಡ್ಡವ್ವ ರೊಟ್ಟಿ ತಟ್ಟೋದು ನಿಲ್ಲಿಸಲಿಲ್ಲ.

"ಯಾವ ದಾರಿ ಅಳದಿ?"

"ಕಟ್ಟಿ ಮುಂದ. ಅದೇ ದಾರಿ ಅಲ್ಲೇನು?"

"ಅದು ನಿನ್ನ ದಾರಿ. ಆ ಓಣಿ ಸೊಸೆಂದಿರು ಕಟ್ಟಿ ಮುಂದ ಹಾಯಂಗಿಲ್ಲ. ಮಾವ, ಭಾವ, ಊರ ಹಿರೇರು, ಎಲ್ಲಾ ಮುಂಜಾನಿಂದ ಅಲ್ಲೇ ಕುಂತಿರತಾರ. ಅವರ ಮುಂದ ಕೊಡ ಹೊತ್ಕೊಂಡು ಹೆಂಗ ಹೋಗಬೇಕು?"

"ಮತ್ತ?"

"ಹಿತ್ತಲ ಕಡೆಯಿಂದ ಹಳ್ಳ ಸುತ್ತಿ ಬರಬೇಕು. ಮಳಿಗಾಲದಾಗ ಅದೂ ಇಲ್ಲ."

"ಗಂಡಸರು ಗಾಡಿ ಮ್ಯಾಲ ತರಬಹುದಲ್ಲ?"

ಆಗ ನನ್ನ ಕಡೆ ತಿರುಗಿದಳು. "ನಿಮ್ಮ ಮನ್ಯಾಗ ನೀ ತರತಿಯೇನು?"

ಪಲ್ಯ ಗಂಟಲಲ್ಲೇ ನಿಂತಿತು. ಎರಡು ದಿನದಿಂದ ಅದೇ ಕಟ್ಟೆ ಮೇಲೆ ಕೂತು ಚಾ ಕುಡಿದವನು ನಾನೇ. ಟೇಪು ಹಿಡಿದಾಗ ಅಜ್ಜಂದಿರು ಕಾಲು ಎತ್ತಿ ದಾರಿ ಬೇರೆ ಬಿಟ್ಟುಕೊಟ್ಟಿದ್ದರು.

ಮೊದಲು ಬಂದ ಯೋಚನೆ ಕಂಪ್ಯೂಟರಿನದೇ. ಮಿನಸೋಟದ ಲೆಕ್ಕದಲ್ಲಿ ಆಮೇಲೆ ಪ್ರತಿ ಕೌಂಟಿಯ ಮಣ್ಣಿನ ಯುರೇನಿಯಂ ಪ್ರಮಾಣವನ್ನೂ ಸೇರಿಸುತ್ತಾರೆ, ರೇಡಾನ್ ಹುಟ್ಟುವುದು ಅದರಿಂದಲೇ. ಕೌಂಟಿ ಕೌಂಟಿಗೆ ಇದ್ದ ವ್ಯತ್ಯಾಸ ಬಹಳಷ್ಟು ಅದರಲ್ಲೇ ಕರಗುತ್ತದೆ. ಹಾಗೇ ನಾನೂ ಓಣಿ ಮಟ್ಟದಲ್ಲಿ 'ಕಟ್ಟೆ' ಅಂತ ಒಂದು ಕಾಲಂ ಹಾಕಿದರೆ? ಹಾಕಿ ನೋಡಿದೆ. ಒಂದು ಓಣಿಗೆ 1, ಉಳಿದ ಆರಕ್ಕೆ 0. ನೋಡುತ್ತಿದ್ದ ಹಾಗೇ ನಗು ಬಂತು. ಅದು ಆ ಓಣಿಗೆ ಇನ್ನೊಂದು ಹೆಸರು ಇಟ್ಟ ಹಾಗಾಯಿತು, ಅಷ್ಟೇ. ಕಟ್ಟೆಯಿಂದಲೋ ಬೇರೆ ಯಾವುದರಿಂದಲೋ, ಅದರಿಂದ ಗೊತ್ತಾಗುವುದಿಲ್ಲ.

ನಿದ್ದೆ ಬರಲಿಲ್ಲ. ಸುಮ್ಮನೆ ಹಾಳೆ ಹಿಂದಕ್ಕೆ ತಿರುವಿದೆ. ನಾನು ಹಾರಿಸಿದ್ದ ಮೂರನೇ ಅಧ್ಯಾಯ ಸಿಕ್ಕಿತು. ರಿಗ್ರೆಷನ್ ಮಾಡುವಾಗ ನಾವು ಏನೇನು ಒಪ್ಪಿಕೊಂಡು ಮುಂದೆ ಹೋಗುತ್ತೇವೆ ಅಂತ ಅಲ್ಲಿ ಮುಖ್ಯವಾದದ್ದು ಮೊದಲು ಬರುವ ಹಾಗೆ ಸಾಲಾಗಿ ಕೊಟ್ಟಿದ್ದಾರೆ. ಕ್ಲಾಸಿನಲ್ಲಿ ನಮಗೆ ತಲೆ ತಿಂದದ್ದು ನಾರ್ಮಲ್ ಹಂಚಿಕೆ, ಅಂದರೆ ಲೆಕ್ಕಕ್ಕೂ ನಿಜಕ್ಕೂ ಇರುವ ವ್ಯತ್ಯಾಸಗಳು ಗಂಟೆಯಾಕಾರದಲ್ಲಿ ಹರಡಿರಬೇಕು ಅನ್ನುವ ಮಾತು. ಅದು ಇಲ್ಲಿ ಕಟ್ಟಕಡೆಗೆ. ಮೊಟ್ಟಮೊದಲಿರುವುದು ಸೂತ್ರವೇ ಅಲ್ಲ: ನೀನು ಅಳೆದದ್ದು, ನೀನು ಕೇಳುತ್ತಿರುವ ಪ್ರಶ್ನೆಗೆ ಸಂಬಂಧಪಟ್ಟದ್ದೇನಾ? ನನ್ನ ಪ್ರಶ್ನೆ ನೀರು ತರುವವರದು. ಅಳೆದ ದೂರ ಚಾ ಕುಡಿಯುವವನದು. ಹಾಗಿದ್ದರೆ ಆ ಒಂದು ಓಣಿ ಅಲ್ಲ, ಏಳೂ ಓಣಿಯ ಅಂಕಿ ಅನುಮಾನವೇ. ಬೇರೆ ಕಡೆ ಯಾರ ಜಗಲಿ ತಪ್ಪಿಸಿ ಯಾರು ಎಲ್ಲಿ ಸುತ್ತುತ್ತಾರೋ ನನಗೇನು ಗೊತ್ತು? ಗೈಡ್ ಮೂರನೇ ಅಧ್ಯಾಯ ಓದು ಅಂತ ಯಾಕೆ ಹೇಳಲಿಲ್ಲ ಅಂತ ಸಿಟ್ಟು ಬಂತು. ಓದಿದ್ದರೂ ಆಗ ತಲೆಗೆ ಹೋಗುತ್ತಿತ್ತಾ, ಅದು ಬೇರೆ ಮಾತು.

ಬೆಳಗ್ಗೆ ಐದೂವರೆಗೆ ದೊಡ್ಡವ್ವನೇ ಎಬ್ಬಿಸಿದಳು. ತಲೆ ಮೇಲೆ ಸೆರಗು ಹೊದ್ದು ಟೇಪಿನ ಒಂದು ತುದಿ ಹಿಡಿದಳು. ಆ ಓಣಿಯ ಹಿತ್ತಲಿಂದ ಶುರು ಮಾಡಿದೆವು. ತಿಪ್ಪೆ, ಜಾಲಿ ಕಂಟಿ, ಆಮೇಲೆ ಹಳ್ಳದ ಇಳಿಜಾರು. ಟೇಪು ಕಂಟಿಗೆ ಸಿಕ್ಕಿಹಾಕಿಕೊಳ್ಳುತ್ತಿತ್ತು. ಖಾಲಿ ಕೈಯಲ್ಲೇ ನಾನು ಎರಡು ಸಲ ಜಾರಿದೆ. ಏಳು ಸಲ ಟೇಪು ಎಳೆದರೂ ಘಟಕ ಕಾಣಲಿಲ್ಲ.

ಹಿತ್ತಲ ಬಾಗಿಲಲ್ಲಿ ಆ ಮನೆಯ ಸೊಸೆಯೊಬ್ಬಳು ಕಸಬರಿಗೆ ಹಿಡಿದು ಆಗಿನಿಂದ ನೋಡುತ್ತಾ ನಿಂತಿದ್ದಳು. ಕಡೆಗೆ ತಡೆಯಲಾರದೆ ಕೂಗಿ ಕೇಳಿದಳು.

"ಯಕ್ಕಾ, ಅಳದ್ರ ಹತ್ರ ಆಗತೈತೇನ?"

ದೊಡ್ಡವ್ವ ನಕ್ಕಳು. ನನಗೆ ಟೇಪು ಬಿಡು ಅಂದಳು. ಎಂಟನೇ ಸಲ ಎಳೆದಳು.