ಹೊಸ ಬೋರ್ಡಿಗೆ ಮೊದಲ ಸಲ ಪವರ್ ಕೊಡುವಾಗ

ಪಾರ್ಟುಗಳನ್ನು ಕೂರಿಸುವ ಅಸೆಂಬ್ಲಿಯಿಂದ ಸರ್ಕ್ಯೂಟ್ ಬೋರ್ಡ್ ಬಂದ ದಿನ ಎಲ್ಲರಿಗೂ ಅವಸರ. ಚಿಪ್‌ಗೆ ಕೋಡ್ ಬರೆಯುವ ಫರ್ಮ್‌ವೇರ್‌ನವರು ಪಕ್ಕದಲ್ಲೇ ನಿಂತು 'ಆಯ್ತಾ?' ಅಂತ ಕೇಳುತ್ತಿರುತ್ತಾರೆ. ಆದರೂ ಅಡಾಪ್ಟರ್ ಸಿಕ್ಕಿಸುವ ಮುಂಚಿನ ಅರ್ಧ ಗಂಟೆಯನ್ನು ಯಾರಿಗೂ ಬಿಟ್ಟುಕೊಡಬೇಡಿ. ಬೋರ್ಡ್ ಒಮ್ಮೆ ಸುಟ್ಟರೆ ತಪ್ಪು ಡಿಸೈನಿನದೋ ಅಸೆಂಬ್ಲಿಯದೋ ಎಂದು ಹೇಳುವುದಕ್ಕೂ ಕುರುಹು ಉಳಿಯುವುದಿಲ್ಲ.

ತೀರಾ ಸಾಮಾನ್ಯವಾದ ಒಂದು ಬೋರ್ಡನ್ನೇ ತೆಗೆದುಕೊಳ್ಳೋಣ: 12 ವೋಲ್ಟ್ ಇನ್‌ಪುಟ್, ವೋಲ್ಟೇಜ್ ಇಳಿಸುವ ಬಕ್ ಕನ್ವರ್ಟರಿನಿಂದ 5 ವೋಲ್ಟ್, ಎಎಂಎಸ್1117 ಎಂಬ ರೆಗ್ಯುಲೇಟರಿನಿಂದ 3.3 ವೋಲ್ಟ್, ಮೇಲೊಂದು ಎಸ್‌ಟಿಎಂ32 ಮೈಕ್ರೊಕಂಟ್ರೋಲರ್ ಚಿಪ್.

ಮೊದಲು ಭೂತಗನ್ನಡಿ. ಟ್ಯಾಂಟಲಮ್ ಕೆಪಾಸಿಟರಿನ ಪಟ್ಟಿ ಪ್ಲಸ್ ಕಡೆಗೆ, ಅಲ್ಯೂಮಿನಿಯಂ ಎಲೆಕ್ಟ್ರೊಲಿಟಿಕ್‌ನ ಪಟ್ಟಿ ಮೈನಸ್ ಕಡೆಗೆ. ಇವೆರಡನ್ನು ಅದಲುಬದಲು ಮಾಡಿಕೊಳ್ಳುವವರು ಬಹಳ ಮಂದಿ, ಮತ್ತು ತಿರುಗಿ ಕೂತ ಟ್ಯಾಂಟಲಮ್ ಬೆಂಕಿ ಹತ್ತಿಕೊಂಡೇ ಹೋಗಬಹುದು. ಐಸಿಗಳ ಒಂದನೇ ಪಿನ್ನಿನ ಚುಕ್ಕೆಯನ್ನೂ ನೋಡಿ. 1117ರ ಅಗಲವಾದ ಟ್ಯಾಬ್ ಔಟ್‌ಪುಟ್‌ಗೆ ಸೇರಿದ್ದು. ಟ್ಯಾಬ್ ಗ್ರೌಂಡ್ ಆಗಿರುವ ಹಳೆಯ 7805 ರೆಗ್ಯುಲೇಟರಿನ ಅಭ್ಯಾಸದಲ್ಲಿ ಅದನ್ನು ಗ್ರೌಂಡಿಗೆ ಎಳೆದಿದ್ದರೆ 3.3 ವೋಲ್ಟ್ ನೇರ ಶಾರ್ಟ್.

ಆಮೇಲೆ ಮಲ್ಟಿಮೀಟರ್. ಶಾರ್ಟ್ ಇದ್ದರೆ ಕೂಗುವ ಬೀಪ್ ನಂಬಬೇಡಿ. ಹಲವು ಮೀಟರುಗಳು 30–50 ಓಮ್ ಇದ್ದರೂ ಕೂಗುತ್ತವೆ. ಓಮ್ ರೇಂಜಿಗೆ ಹಾಕಿ, ಪ್ರತಿ ರೈಲಿನಿಂದ (12, 5, 3.3 ವೋಲ್ಟಿನ ಪವರ್ ಲೈನುಗಳಿಂದ) ಗ್ರೌಂಡಿಗೆ ಅಳೆಯಿರಿ. ಸಂಖ್ಯೆ ನಿಧಾನಕ್ಕೆ ಏರುತ್ತಿದ್ದರೆ ಕೆಪಾಸಿಟರುಗಳು ತುಂಬುತ್ತಿವೆ ಎಂದರ್ಥ, ಒಳ್ಳೆಯ ಲಕ್ಷಣ. ಇಂಥ ಸಣ್ಣ ಬೋರ್ಡಿನಲ್ಲಿ ಒಂದೆರಡು ಓಮಿಗೆ ನಿಂತುಬಿಟ್ಟರೆ ಅನುಮಾನಿಸಿ. ದೊಡ್ಡ ಎಫ್‌ಪಿಜಿಎ (ಒಳಗಿನ ಲಾಜಿಕ್ ಬದಲಿಸಬಹುದಾದ ಚಿಪ್) ಇರುವಲ್ಲಿ ಅದರ ಒಳಭಾಗಕ್ಕೆ ಪವರ್ ಕೊಡುವ ಕೋರ್ ರೈಲು ಸಹಜವಾಗಿಯೇ ಅಷ್ಟು ಕಡಿಮೆ ತೋರಿಸುತ್ತದೆ, ಅಲ್ಲಿ ಅದೇ ಲಾಟಿನ ಇನ್ನೊಂದು ಬೋರ್ಡಿನೊಡನೆ ಹೋಲಿಸುವುದೇ ದಾರಿ.

ಶಾರ್ಟ್ ಸಿಕ್ಕರೆ ಒಂದೊಂದೇ ಪಾರ್ಟ್ ಕಿತ್ತು ನೋಡುವ ಅಗತ್ಯವಿಲ್ಲ. ವೋಲ್ಟೇಜ್, ಕರೆಂಟ್ ಎರಡನ್ನೂ ಹೊಂದಿಸಬಹುದಾದ ಬೆಂಚ್ ಸಪ್ಲೈಯನ್ನು 1 ವೋಲ್ಟ್, 1 ಆಂಪಿಯರ್ ಲಿಮಿಟಿಗೆ ಇಟ್ಟು ಆ ರೈಲಿಗೇ ಕೊಡಿ. ವೋಲ್ಟೇಜ್ ಇಷ್ಟು ಕಡಿಮೆಯಿದ್ದರೆ ಚಿಪ್‌ಗೆ ಪೆಟ್ಟಾಗುವುದಿಲ್ಲ. ಬೋರ್ಡಿನ ಮೇಲೆ ಐಸೊಪ್ರೊಪೈಲ್ ಆಲ್ಕೊಹಾಲ್ ತೆಳ್ಳಗೆ ಸವರಿ ಬೆಳಕಿಗೆ ಓರೆಯಾಗಿ ಹಿಡಿಯಿರಿ. ಒದ್ದೆ ಹೊಳಪಿನ ನಡುವೆ ಒಂದು ಕಡೆ ಮಾತ್ರ ಬೇಗ ಆರಿ ಮಂಕಾಗುತ್ತದೆ. ಬಿಸಿಯಾಗುತ್ತಿರುವುದು ಅಲ್ಲೇ. ಬಹಳ ಸಲ ಅದು ಬಿರುಕು ಬಿಟ್ಟ ಸೆರಾಮಿಕ್ ಕೆಪಾಸಿಟರ್, ಇಲ್ಲವೇ ಐಸಿ ಕಾಲುಗಳ ನಡುವೆ ಕೂತ ಸೋಲ್ಡರ್. ಕರೆಂಟ್ ಹರಿದೂ ಏನೂ ಬಿಸಿಯಾಗದಿದ್ದರೆ ಶಾರ್ಟಿನ ರೆಸಿಸ್ಟೆನ್ಸ್ ತೀರಾ ಕಡಿಮೆ. ಆಗ ರೈಲಿನುದ್ದಕ್ಕೂ ಮಿಲಿವೋಲ್ಟ್ ಅಳೆಯುತ್ತ ಹೋಗಿ, ಅತಿ ಕಡಿಮೆ ಸಿಗುವ ಜಾಗದ ಸುತ್ತ ಹುಡುಕಿ.

ಎಲ್ಲ ಸರಿಯಿದ್ದರೆ ಈಗ 12 ವೋಲ್ಟ್, ಲಿಮಿಟ್ 200 ಮಿಲಿಆಂಪಿಯರ್. ಅದಕ್ಕಿಂತ ತೀರಾ ಬಿಗಿ ಮಾಡಿದರೆ ಬೇರೆ ತೊಂದರೆ: ಇನ್‌ಪುಟ್ ವೋಲ್ಟೇಜ್ ಕುಸಿದಷ್ಟೂ ಬಕ್ ಹೆಚ್ಚು ಕರೆಂಟ್ ಎಳೆಯುತ್ತದೆ, ಇನ್ನಷ್ಟು ಕುಸಿಯುತ್ತದೆ, ಏಳುತ್ತಾ ಬೀಳುತ್ತಾ ಇರುತ್ತದೆ. ನೋಡುವವರಿಗೆ ಬೋರ್ಡೇ ಕೆಟ್ಟಿದೆ ಅನ್ನಿಸುತ್ತದೆ. ಬಕ್ ಬೇಡ, 1117ಅನ್ನೇ 12ರಿಂದ ನಡೆಸೋಣ ಅನ್ನುವವರು ಲೆಕ್ಕ ಹಾಕಬೇಕು: 8.7 ವೋಲ್ಟ್ ಗುಣಿಸು 0.2 ಆಂಪಿಯರ್, 1.74 ವ್ಯಾಟ್. ಆ ಸಣ್ಣ ಪ್ಯಾಕೇಜಿಗೆ ಸಾಕಷ್ಟು ತಾಮ್ರ ಕೊಡದಿದ್ದರೆ ಇದು ತಡೆಯಲಾಗದ ಶಾಖ.

3.3 ಬಂತೆಂದು ಮೀಟರ್ ಹೇಳಿದರೆ ಸಾಲದು, ಆಸಿಲೋಸ್ಕೋಪಿನಲ್ಲಿ ನೋಡಿ. ಎಎಂಎಸ್1117 ಹಳೆಯ ಕಾಲದ ವಿನ್ಯಾಸ, ಔಟ್‌ಪುಟ್‌ನಲ್ಲಿ 22 ಮೈಕ್ರೊಫ್ಯಾರಡ್ ಟ್ಯಾಂಟಲಮ್ ಕೇಳುತ್ತದೆ. ಬರೀ ಸೆರಾಮಿಕ್ ಇಟ್ಟರೆ ಅದರ ಇಎಸ್‌ಆರ್ (ಕೆಪಾಸಿಟರಿನೊಳಗಿನ ರೆಸಿಸ್ಟೆನ್ಸ್) ತೀರಾ ಕಡಿಮೆಯಾಗಿ ಔಟ್‌ಪುಟ್ ಆಸಿಲೇಟ್ ಆಗಬಹುದು, ಅಂದರೆ ಸ್ಥಿರವಾಗಿ ನಿಲ್ಲದೆ ತೂಗಾಡಬಹುದು. ರಿಪ್ಪಲ್ (ವೋಲ್ಟೇಜಿನ ಸಣ್ಣ ಏರಿಳಿತ) ಅಳೆಯುವಾಗ ಪ್ರೋಬಿನ ಉದ್ದನೆಯ ಗ್ರೌಂಡ್ ವೈರ್ ತೆಗೆದು, ತುದಿಗೆ ಹಾಕುವ ಪುಟ್ಟ ಸ್ಪ್ರಿಂಗ್ ಬಳಸಿ. ಇಲ್ಲದಿದ್ದರೆ ಆ ವೈರೇ ಆಂಟೆನಾ ಆಗಿ, ಬೋರ್ಡಿನಲ್ಲಿಲ್ಲದ ನಾಯ್ಸನ್ನೆಲ್ಲ ತೋರಿಸುತ್ತದೆ.

ಚಿಪ್‌ಗೆ ಕ್ಲಾಕ್ ಕೊಡುವ ಕ್ರಿಸ್ಟಲಿಗೆ ಪ್ರೋಬ್ ಮುಟ್ಟಿಸಬೇಡಿ. ಸಿಗ್ನಲನ್ನು ಹತ್ತನೇ ಒಂದಕ್ಕೆ ಇಳಿಸುವ 10ಎಕ್ಸ್‌ನಲ್ಲೂ ಪ್ರೋಬ್ 10–15 ಪಿಕೊಫ್ಯಾರಡ್ ಸೇರಿಸುತ್ತದೆ. ಅಲ್ಲಿರುವ ಕೆಪಾಸಿಟರುಗಳೇ ಹೆಚ್ಚೂಕಡಿಮೆ ಅಷ್ಟು. ಓಡುತ್ತಿದ್ದ ಕ್ರಿಸ್ಟಲ್ ನಿಂತೇಹೋಗಬಹುದು. ಕ್ಲಾಕನ್ನು ಎಂಸಿಒ (ಚಿಪ್‌ನ ಕ್ಲಾಕ್ ಔಟ್‌ಪುಟ್) ಪಿನ್ನಿನಿಂದ ಹೊರಗೆ ತಂದು ಅಳೆಯುವುದು ಸರಿಯಾದ ಕ್ರಮ.

ಚಿಪ್‌ಗೆ ಕೋಡ್ ಹಾಕಿ ಪರೀಕ್ಷಿಸುವ ಡಿಬಗರ್ ಕನೆಕ್ಟ್ ಆಗದಿದ್ದರೆ ಚಿಪ್ ಬದಲಿಸುವ ಮೊದಲು ಮೂರು ಕಡೆ ನೋಡಿ: ವಿಡಿಡಿಎ (ಚಿಪ್‌ನ ಅನಲಾಗ್ ಭಾಗದ ಪವರ್) ಪಿನ್ನಿಗೆ ವೋಲ್ಟೇಜ್ ಬಂದಿದೆಯೇ, ರಿಸೆಟ್ ಲೈನ್ ಕೆಳಗೇ ಉಳಿದಿದೆಯೇ, ಡಿಬಗರಿನ ಗ್ರೌಂಡ್ ಬೋರ್ಡಿಗೆ ಸೇರಿದೆಯೇ. ಕನೆಕ್ಟ್ ಆಗಿಯೂ ಕೋಡ್ ಓಡದಿದ್ದರೆ ಕೋಡ್ ಎಲ್ಲಿಂದ ಓಡಬೇಕೆಂದು ತೀರ್ಮಾನಿಸುವ ಬೂಟ್0 ಪಿನ್ನಿಗೆ 10 ಕಿಲೊಓಮ್ ಪುಲ್‌ಡೌನ್ (ಗ್ರೌಂಡಿಗೆ ಎಳೆಯುವ ರೆಸಿಸ್ಟರ್) ಇದೆಯೇ ಎಂದು ನೋಡಿ. ಕೊನೆಗೆ, ಸುಮ್ಮನಿರುವಾಗ ಬೋರ್ಡ್ ಎಳೆಯುವ ಕರೆಂಟನ್ನು ಚೀಟಿಯಲ್ಲಿ ಬರೆದು ಬೋರ್ಡಿಗೇ ಅಂಟಿಸಿ. ಎರಡನೇ ಬೋರ್ಡ್ ಅದಕ್ಕಿಂತ 20 ಮಿಲಿಆಂಪಿಯರ್ ಹೆಚ್ಚು ಎಳೆದರೆ, ಅಲ್ಲೇ ನಿಲ್ಲಿಸಿ ಕಾರಣ ಹುಡುಕಿ.